ಕಾಯಿಮನೆ ಒಲೆಯ ಕೂಲಿ

ಮೂರು ತಾಲ್ಲೂಕಲ್ಲಿ ನನ್ನ ಕೈಲಿ ಏಮಾರದೆ ಉಳಿದೋರು ಯಾರಾದ್ರೂ ಇದ್ರೆ ಅವರು ನನ್ನ ಎದುರಿಗೆ ಬಂದಿಲ್ಲ ಅಂತ ತಿಳ್ಕೊಳ್ಳಿ. ತಿಪಟೂರು ಸಂತೇಲಿ ಕಿವುಡನ ಥರ ನಿಂತು ಬಳೆ ಮಾರೋನ ಕೈಲಿ ಅರ್ಧ ಗಂಟೆ ಕೂಗಾಡಿಸಿದ್ದೀನಿ. ದಂಡಿನಶಿವರದ ಒಂದು ಮದುವೇಲಿ ನಾನೇ ಹೆಣ್ಣಿನ ಸೋದರಮಾವ ಅಂತ ಗಂಡಿನ ಕಡೆಯೋರಿಗೆ ಹೇಳಿ, ಕಾಲಿಗೆ ನೀರು ಹಾಕಿಸ್ಕೊಂಡು, ಪಂಚೆ ಉಡುಗೊರೆ ತಗೊಂಡು ಬಂದಿದ್ದೀನಿ. ಜಂಬಕ್ಕೆ ಹೇಳ್ತಿಲ್ಲ ಅಂದ್ರೆ ಅದೂ ಸುಳ್ಳಾಗ್ತದೆ, ಬುಡಿ. ಆದ್ರೆ ಒಂದು ಸಲ ನಾನು ತಮಾಷೆಗೆ ಹೇಳಿದ ಒಂದೇ ಮಾತಿಂದ ಒಂದು ಸಂಸಾರ ಮಳೆಗಾಲದಲ್ಲಿ ಸೂರಿಲ್ಲದೆ ಹೊರಗೆ ನಿಂತ್ಕೊಂತು. ಅದನ್ನ ಇಷ್ಟು ವರ್ಷ ಯಾರ ಹತ್ರಾನೂ ನೆಟ್ಟಗೆ ಹೇಳಿರಲಿಲ್ಲ.

ಎಪ್ಪತ್ತರ ದಶಕ ಮುಗೀತಾ ಬಂದಿತ್ತು. ನಮ್ಮೂರು ಬಿಳಿಗೆರೆ ಪಕ್ಕದ್ದು. ಬೇಸಿಗೆ ಕೊನೇಲಿ ಒಂದು ಬೆಳಗ್ಗೆ ಬಸ್ಸಿಂದ ಒಬ್ಬರು ಇಳಿದ್ರು. ರೆಕ್ಸಿನ್ ಚೀಲ, ಕಂಕುಳಲ್ಲಿ ಛತ್ರಿ, ಜೇಬಲ್ಲಿ ಎರಡು ಪೆನ್ಸಿಲ್ಲು, ಒಂದು ರಬ್ಬರು. ತುಮಕೂರಿನ ಯಾವುದೋ ಸರ್ಕಾರಿ ಆಫೀಸಿನೋರು. ರಾಜ್ಯದಲ್ಲಿ ಜನಕ್ಕೆ ಎಷ್ಟು ದಿನ ಕೆಲಸ ಸಿಗ್ತದೆ, ಕೂಲಿ ಏರ್ತಾ ಐತೋ ಇಳೀತಾ ಐತೋ, ಜನ ಎಂಥ ಮನೇಲಿ ಇದಾರೆ ಅಂತ ಮೂರು ತಿಂಗಳಿಗೊಂದು ಸಲ ಬಂದು ಬರ್ಕೊಂಡು ಹೋಗೋದು ಅವರ ಕೆಲಸ. ಊರೆಲ್ಲ ಕೇಳೋ ಹಂಗಿಲ್ಲ. ಚೀಟಿ ಎತ್ತಿ ಹತ್ತು ಮನೆ ಆರಿಸಿದ್ರು. ಪ್ರತಿ ಸಲಾನೂ ಅದೇ ಹತ್ತು ಮನೆ, ಅವೇ ಪ್ರಶ್ನೆ. ಅದಕ್ಕೇ ಅವರಿಗೆ ಮೂರ್ತಿಂಗಳ ಸಾಹೇಬ್ರು ಅಂತ ಹೆಸರು ಬಿತ್ತು. ಹೆಸರಿಟ್ಟೋನು ಯಾರು ಅಂತ ಬೇರೆ ಹೇಳಬೇಕಾ?

ಊರಿಗೆ ಊರೇ ಅನುಮಾನ ಪಡ್ತು. ಇಷ್ಟು ಮನೆ ಬಿಟ್ಟು ಈ ಹತ್ತೇ ಯಾಕೆ? ಒಂದು ಸಲ ಕೇಳಿದ್ರೆ ಸಾಲದೆ ಮತ್ತೆ ಮತ್ತೆ ಯಾಕೆ? ಪೆನ್ನಲ್ಲಿ ಬರೀದೆ ಪೆನ್ಸಿಲ್ಲಲ್ಲಿ ಯಾಕೆ ಬರೀತಾರೆ, ಆಮೇಲೆ ತಿದ್ದೋಕಾ? ತೆರಿಗೆ ಹಾಕೋಕೆ ಬಂದವ್ರೆ ಅಂತ ತೋಟದೋರು ಅಂದ್ರು. ಮಕ್ಕಳು ಎಷ್ಟು ಅಂತ ಕೇಳ್ತಾರೆ ಅಂದ್ಮೇಲೆ ಗಂಡಸರನ್ನ ಆಪರೇಷನ್‌ಗೆ ಹಿಡ್ಕೊಂಡು ಹೋಗೋಕೇ ಬಂದಿರೋದು ಅಂತ ಹೆಂಗಸರು ಅಂದ್ರು. ಈ ಎರಡನೇದನ್ನ ಹಬ್ಬಿಸಿದ್ದು ನಾನು. ಮಧ್ಯಾಹ್ನದ ಹೊತ್ತಿಗೆ ಊರಲ್ಲಿ ಒಬ್ಬಿಬ್ಬರು ಬಿಟ್ರೆ ಗಂಡಸರೇ ಸಿಗಲಿಲ್ಲ, ಮಿಕ್ಕೋರೆಲ್ಲ ತೋಟದಲ್ಲಿ ಸೋಗೆ ಹೊದ್ದು ಕೂತಿದ್ರು.

ಒಂದು ಮನೆ ಜಗಲಿ ಮೇಲೆ ಒಬ್ಬ ಅಜ್ಜಿ ಮಾತ್ರ ಇದ್ಲು. ಸಾಹೇಬ್ರು ಕೇಳಿದ್ರು, "ಮನೇಲಿ ಎಷ್ಟು ಜನ ಇದೀರಿ ಅಜ್ಜಿ?"

"ಯಾರೂ ಇಲ್ಲ ಕಣಪ್ಪ."

"ನೀವಿದೀರಲ್ಲ."

"ನಾನೂ ಇಲ್ಲ ಅಂತ ಬರ್ಕೊ."

ಸಾಹೇಬ್ರು ಬೆವರು ಒರೆಸ್ಕೊಂಡು ಒಂದು ಅಂತ ಬರ್ಕೊಂಡ್ರು. ಅಜ್ಜಿ ಬಗ್ಗಿ ನೋಡಿ, "ಏನೋ ಗೀಚಿದ ನೋಡು," ಅಂತ ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ಲು.

ಆ ಹತ್ತರಲ್ಲಿ ನಮ್ಮ ದೊಡ್ಡಪ್ಪನ ಮನೇನೂ ಬಂದಿತ್ತು. ಅಪ್ಪ ತೀರಿಕೊಂಡ್ಮೇಲೆ ನಾನು ದೊಡ್ಡಪ್ಪನ ಮನೇಲೇ ಬೆಳೆದೋನು. ಪಿಯುಸಿ ಎರಡು ಸಲ ಡುಮ್ಕಿ ಹೊಡೆದು, ಮೂರನೇ ಸಲ ಕಟ್ಟೋ ಫೀಸಲ್ಲಿ ತಿಪಟೂರು ಟಾಕೀಸು ನೋಡ್ಕೊಂಡು ಬಂದು ಮನೇಲಿ ಕೂತಿದ್ದೆ. ದೊಡ್ಡಪ್ಪನೋ, ಹಾಲು ಕುಡಿಯೋಕೆ ಮುಂಚೆ ಹಸೂನ ಮುಖ ನೋಡೋ ಅಂಥ ಮನುಷ್ಯ. ಉಳೋರಿಗೇ ಭೂಮಿ ಅನ್ನೋ ಕಾನೂನು ಬಂದು, ಕೆರೆ ಹಿಂದಿನ ಹೊಲದ ಗೇಣಿದಾರ ಟ್ರಿಬ್ಯೂನಲ್ಲಿಗೆ ಅರ್ಜಿ ಹಾಕಿ ಹೊಲ ಬರೆಸ್ಕೊಂಡು ಆಗಿತ್ತು. ಆವತ್ತಿಂದ ದೊಡ್ಡಪ್ಪ ಕಾಗದ ಹಿಡ್ಕೊಂಡು ಬರೋ ಯಾರನ್ನ ಕಂಡ್ರೂ ಬಾಗಿಲ ಅಡ್ಡಡ್ಡ ನಿಂತ್ಕೊಳ್ಳೋದು ಕಲಿತಿದ್ರು.

ಸಾಹೇಬ್ರು ನನ್ನ ಕಡೆ ತಿರುಗಿ, "ನೀವು ಕೆಲಸ ಹುಡುಕ್ತಿದೀರಾ?" ಅಂದ್ರು.

"ಇಲ್ಲ ಸಾರ್. ಕೆಲಸ ನನ್ನ ಹುಡುಕ್ತಾ ಐತೆ. ನಾನು ಸಿಗ್ತಾ ಇಲ್ಲ."

ದೊಡ್ಡಪ್ಪ ಕಂಬಕ್ಕೆ ಒರಗಿದ್ದೋರು, "ದಂಡಪಿಂಡ ಅಂತ ಒಂದು ಕಾಲಂ ಇದ್ರೆ ಅದರಲ್ಲಿ ಬರ್ಕೊಳ್ಳಿ ಸ್ವಾಮಿ," ಅಂದ್ರು. ಸಾಹೇಬ್ರು ನಕ್ಕು, ಊರು ತೋರಿಸೋಕೆ ಬರ್ತೀರಾ ಅಂತ ನನ್ನ ಕರೆದ್ರು. ಗಂಡಸರು ಸಿಗದ ಮನೆಗಳ ಲೆಕ್ಕಾನೆಲ್ಲ ನಾನೇ ಹೇಳಿ ಬರೆಸಿದೆ. ಹೊರಗಿನೋರ ಎದುರಿಗೆ ದಂಡಪಿಂಡ ಅಂದದ್ದು ನನ್ನ ಹೊಟ್ಟೆಯೊಳಗೆ ಕೂತ್ಕೊಂತು. ಇದನ್ನ ನೆನಪಿಟ್ಕೊಳ್ಳಿ, ಮುಂದಿನದಕ್ಕೆಲ್ಲ ಇದೇ ಬೀಜ.

ಹತ್ತನೇ ಮನೆ ಅಂತ ಚೀಟೀಲಿ ಬಂದಿದ್ದು ನಮ್ಮ ಕಾಯಿಮನೆ.

ನಮ್ಮ ಕಡೆ ಕೊಬ್ಬರಿ ಅಂದ್ರೆ ಬಿಸಿಲಿಗೆ ಹೋಳು ಒಣಗಿಸೋದಲ್ಲ. ಬಲಿತ ತೆಂಗಿನಕಾಯನ್ನ ಸಿಪ್ಪೆ ಸಮೇತ ಕಾಯಿಮನೆ ಅಟ್ಟಕ್ಕೆ ಏರಿಸಿ, ಹೆಚ್ಚುಕಮ್ಮಿ ಒಂದು ವರ್ಷ ಹಂಗೇ ಬಿಡ್ತೀವಿ. ಒಳಗಿನ ನೀರು ತಾನಾಗೇ ಹಿಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದ್ರೆ ಲೊಟಲೊಟ ಅನ್ನಬೇಕು. ಆಗ ಇಳಿಸಿ ಸುಲಿದು ಒಡೆದ್ರೆ ಉಂಡೆ ಕೊಬ್ಬರಿ ಚೆಂಡಿನ ಹಂಗೆ ಆಚೆ ಬರ್ತದೆ. ಅದಕ್ಕೇ ಅಟ್ಟದ ನೆಲಕ್ಕೆ ಹಲಗೆ ಹೊಡೆಯೋದಿಲ್ಲ, ಸಂದು ಬಿಟ್ಟು ಸೀಳಿದ ಅಡಿಕೆ ಮರದ ದಬ್ಬೆ ಹಾಸ್ತೀವಿ. ಕೆಳಗೆ ಒಂದು ಒಲೆ ವರ್ಷಪೂರ್ತಿ ಇರಬೇಕು. ಮಳೆಗಾಲದಲ್ಲಂತೂ ಆರಲೇಬಾರದು. ಜೋರಾಗಿ ಉರಿದ್ರೆ ಕಾಯಿ ಸೀಳ್ತದೆ, ಆರಿದ್ರೆ ತೇವಕ್ಕೆ ಕೊಳೀತದೆ. ಸಣ್ಣಗೆ, ಮುನಿಸ್ಕೊಂಡೋರ ಹಂಗೆ, ಒಳಗೊಳಗೇ ಕಾಯ್ತಾ ಇರಬೇಕು.

ದೊಡ್ಡಪ್ಪನ ಕಾಯಿಮನೆ ಊರ ಅಂಚಲ್ಲಿತ್ತು. ಅದರ ಕೆಳಗೆ ಒಂದು ಸಂಸಾರ ಇತ್ತು. ಗಂಡ ಕಾಯಿ ಸುಲಿಯೋನು. ನಾಲ್ಕನೇ ಕ್ಲಾಸಿನ ತನಕ ನನ್ನ ಪಕ್ಕದಲ್ಲೇ ಕೂತು ಓದಿದೋನು. ದೊಡ್ಡಪ್ಪನ ಎದುರಿಗೆ ನನ್ನ ಚಿಕ್ಕೆಜಮಾನ್ರೇ ಅಂತಿದ್ದ, ಇಬ್ಬರೇ ಇದ್ರೆ ಏನ್ಲಾ ಅಂತಿದ್ದ. ಅವನ ಹೆಂಡ್ತಿ ಆ ಒಲೆ ನೋಡ್ಕೊಳ್ತಿದ್ಲು. ಇಬ್ಬರು ಹೆಣ್ಣುಮಕ್ಕಳು, ಒಂದು ಹೇಟೆ ಕೋಳಿ. ಬಾಡಿಗೆ ಅಂತ ಅವರು ಕೊಡ್ತಿರಲಿಲ್ಲ, ಕಾವಲಿಗೆ ಅಂತ ದೊಡ್ಡಪ್ಪ ಕೊಡ್ತಿರಲಿಲ್ಲ. ಅವನ ಅಪ್ಪನ ಕಾಲದಿಂದ ಹಂಗೇ ನಡೆದು ಬಂದಿತ್ತು, ಯಾರೂ ಅದರ ಬಗ್ಗೆ ಕೂತು ಮಾತಾಡಿರಲಿಲ್ಲ.

ಸಾಹೇಬ್ರು ಬಾಗಿಲಲ್ಲಿ ಕೂತು ಹಾಳೆ ಬಿಚ್ಚಿದ್ರು. "ಈ ಮನೆ ಸ್ವಂತದ್ದೋ ಬಾಡಿಗೇದೋ?"

ಅವನು ನನ್ನ ಮುಖ ನೋಡಿ, ಮೇಲೆ ಅಟ್ಟ ನೋಡಿ, "ಇದು ಕಾಯಿದು ಸ್ವಾಮಿ. ನಾವು ಕೆಳಗಿದೀವಿ," ಅಂದ.

"ಕಾಯಿ ಮನೆ ಯಜಮಾನ ಅಂತ ನಾನು ಬರೆಯೋಕಾಗಲ್ಲಪ್ಪ. ಬಾಡಿಗೆ ಎಷ್ಟು?"

"ಇಲ್ಲ."

"ಈ ಒಲೆ ಕಾಯೋದು ಯಾರು?"

"ನಾನು," ಅಂತ ಹೆಂಡ್ತಿ ಒಳಗಿಂದ ಅಂದ್ಲು. "ನಾಲ್ಕು ಗಂಟೆಗೊಂದು ಸಲ ಸುಲಿದ ಕಾಯಿಮಟ್ಟೆ ಇಡಬೇಕು. ಒಂದು ಮದುವೆ ಮುಂಜಿಗೆ ಹೋಗಂಗಿಲ್ಲ. ಹೋದ್ರೆ ನಾನೊಬ್ಬಳು ಹೋಗ್ತೀನಿ ಇವ್ರು ಇರ್ತಾರೆ, ಇಲ್ಲಾ ಇವ್ರು ಹೋಗ್ತಾರೆ ನಾನಿರ್ತೀನಿ."

"ಅದಕ್ಕೆ ಕೂಲಿ ಎಷ್ಟು?"

ಆಕೆ ಸೆರಗು ಬಾಯಿಗೆ ಅಡ್ಡ ಇಟ್ಕೊಂಡು ನಕ್ಕುಬಿಟ್ಲು. ಗಂಡಾನೂ ನಕ್ಕ. ನಾನೂ ನಕ್ಕೆ. ಒಲೆ ಉರಿಸೋಕೆ ಕೂಲಿಯಂತೆ. ಸಾಹೇಬ್ರು ನಗದೆ, ಅಂಗೈ ಅಡ್ಡ ಇಟ್ಕೊಂಡು ಏನೋ ಬರ್ಕೊಂಡ್ರು.

ಸಂಜೆ ಬಸ್ಸು ಹತ್ತಿಸಿ ಬಂದೆ. ದೊಡ್ಡಪ್ಪ ಜಗಲಿ ಮೇಲೆ ಕಾಯ್ತಾ ಕೂತಿದ್ರು.

"ಕಾಯಿಮನೇಲಿ ಏನು ಬರ್ಕೊಂಡ ಆವಯ್ಯ?"

ಈಗ ನೋಡಿ, ಬರ್ಕೊಂಡದ್ದು ನಾನು ನೋಡಿರಲಿಲ್ಲ. ಗೊತ್ತಿಲ್ಲ ಅಂದಿದ್ರೆ ಮುಗೀತಿತ್ತು. ದಂಡಪಿಂಡ ಅಂದ ಮಾತು ಒಳಗೆ ಕುದೀತಿತ್ತಲ್ಲ, ಮುಖ ಸಪ್ಪಗೆ ಮಾಡ್ಕೊಂಡು ಕಂಬಕ್ಕೆ ಒರಗಿದೆ.

"ಬಾಡಿಗೆ ಕೊಡಲ್ಲ ಅಂದ್ರು ದೊಡ್ಡಪ್ಪ. ಬಾಡಿಗೆ ಇಲ್ಲ ಅಂದ್ಮೇಲೆ ಸ್ವಂತ ಅಂತ ಬರ್ಕೊಂಡ್ರು. ಮೂರು ತಿಂಗಳಿಗೊಂದು ಸಲ ಬರ್ತಾರಲ್ಲ, ಇನ್ನ ಮೂರು ಸಲ ಹಿಂಗೇ ಬರ್ಕೊಂಡ್ರೆ ವರ್ಷ ತುಂಬ್ತದೆ. ಆಮೇಲೆ ಖಾತೆ ತಾನಾಗೇ ಅವನ ಹೆಸರಿಗೆ ಆಗ್ತದಂತೆ."

ಬೈತಾರೆ, ಕೋಲು ತಗೋತಾರೆ, ನಾನು ಓಡ್ತೀನಿ, ಬೆಳಗ್ಗೆ ನಿಜ ಹೇಳಿ ಮತ್ತೆ ಬೈಸ್ಕೋತೀನಿ ಅಂತ ಅಂದ್ಕೊಂಡಿದ್ದೆ. ದೊಡ್ಡಪ್ಪ ಕೋಲು ಮುಟ್ಟಲಿಲ್ಲ. ಎಲೆಅಡಿಕೆ ಚೀಲ ತೆಗೆದ್ರು, ಅಡಿಕೆ ಹಾಕ್ಕೊಂಡ್ರು, ಎಲೆ ಮರೆತುಬಿಟ್ರು. ಒಣ ಅಡಿಕೇನ ಅಗೀತಾ ಕಾಯಿಮನೆ ದಿಕ್ಕಿಗೆ ನೋಡ್ತಾ ಕೂತ್ರು. ನನಗೆ ಖುಷಿಯಾಯ್ತು ಕಣ್ರೀ, ಸುಳ್ಳು ಯಾಕೆ ಹೇಳಲಿ. ಹೊಟ್ಟೆ ತುಂಬ ಉಂಡು ಮಲಗಿದೆ.

ಬೆಳಗ್ಗೆ ನಾನು ಏಳೋ ಹೊತ್ತಿಗೆ ಅವರು ತಿಪಟೂರು ಬಸ್ಸು ಹತ್ತಿದ್ರು. ಅಲ್ಲಿ ಅರ್ಜಿ ಬರೆಯೋ ಒಬ್ಬನ ಹತ್ರ ವಿಚಾರಿಸಿದ್ರಂತೆ. ಅವನಿಗೆ ಏನು ಗೊತ್ತು? ಗೊತ್ತಿಲ್ಲ ಅಂದ್ರೆ ಕಾಫಿ ಸಿಗಲ್ಲ ಅಂತ, "ಇರಬೋದು ಯಜಮಾನ್ರೇ, ಕೂಲಿಯೋರಿಗೆ ಮನೆ ಕೊಡೋ ಕಾನೂನೂ ಐತೆ. ಹುಷಾರಾಗಿರಿ," ಅಂದನಂತೆ. ದೊಡ್ಡಪ್ಪ ವಾಪಸ್ಸು ಬಂದಾಗ ಅವರ ಕಣ್ಣೇ ಬೇರೆ ಆಗಿತ್ತು.

ಅಲ್ಲಿಂದ ಶುರುವಾಯ್ತು. ದಿನಕ್ಕೆರಡು ಸಲ ಕಾಯಿಮನೆ ಸುತ್ತ ಒಂದು ಸುತ್ತು. ಅವನ ಹೆಂಡ್ತಿ ಗೋಡೆ ಪಕ್ಕ ಒಂದು ಹೀರೆ ಬಳ್ಳಿ ಹಬ್ಬಿಸಿದ್ಲು. ಎರಡು ವರ್ಷದಿಂದ ಇದ್ದ ಬಳ್ಳಿ, ಆವತ್ತು ದೊಡ್ಡಪ್ಪನ ಕಣ್ಣಿಗೆ ಬಿತ್ತು. "ನೋಡ್ದಾ, ಬೇರು ಬಿಡ್ತಾ ಅವ್ರೆ," ಅಂದ್ರು ನನಗೆ. ಗೋಡೆಗೆ ಸುಣ್ಣ ಹೊಡೆದ್ರೆ, ಸ್ವಂತ ಮನೆ ಅಲ್ಲದೆ ಯಾರಾದ್ರೂ ಸುಣ್ಣ ಹೊಡೀತಾರಾ ಅಂದ್ರು. ಸುಣ್ಣ ಹೊಡೀದೆ ಬಿಟ್ಟಿದ್ರೆ, ನಮ್ಮ ಮನೆ ಹಾಳು ಮಾಡ್ತಾ ಅವ್ರೆ ಅಂತಿದ್ರೇನೋ.

ಒಂದು ವಾರಕ್ಕೆ ನನಗೆ ದಿಗಿಲಾಯ್ತು. ಊಟಕ್ಕೆ ಕೂತಾಗ ಹೇಳಿಬಿಟ್ಟೆ. "ದೊಡ್ಡಪ್ಪ, ಆ ಖಾತೆ ವಿಷಯ ನಾನು ತಮಾಷೆಗೆ ಹೇಳಿದ್ದು. ಅವರು ಏನು ಬರ್ಕೊಂಡ್ರೋ ನಂಗೆ ಗೊತ್ತೇ ಇಲ್ಲ."

ದೊಡ್ಡಪ್ಪ ಕೈಲಿದ್ದ ಮುದ್ದೆ ತುತ್ತನ್ನ ತಟ್ಟೆಗೇ ಇಟ್ರು. "ಅವನು ನಿಂಗೆ ಏನು ಕೊಟ್ಟ?"

"ಯಾರು?"

"ಆ ಸುಲಿಯೋನು. ಒಟ್ಟಿಗೆ ಓದಿದೋರಲ್ವಾ. ಮೊದ್ಲು ಬಾಯಿ ತಪ್ಪಿ ನಿಜ ಹೇಳ್ಬುಟ್ಟೆ, ಈಗ ಅವನು ಬಂದು ಹೇಳಿಕೊಟ್ಟ ಮೇಲೆ ಸುಳ್ಳು ಅಂತೀಯ."

"ಇಲ್ಲ ದೊಡ್ಡಪ್ಪ, ನಿಮ್ಮಾಣೆ."

"ಹೋದ ಸಲ ನಿಮ್ಮಾಣೆ ಅಂದಾಗ ನನ್ನ ಎತ್ತಿನ ಗಾಡಿ ನೊಣವಿನಕೆರೇಲಿ ಸಿಕ್ತು."

ದೊಡ್ಡಮ್ಮ ಸಾರು ಬಡಿಸ್ತಾ, "ಈ ಸಲ ಹುಡುಗ ನಿಜ ಹೇಳ್ತಿರೋ ಹಂಗೆ ಕಾಣ್ತದೆ," ಅಂದ್ಲು. "ಅದೇ ನಂಗೂ ಅನುಮಾನ," ಅಂದ್ರು ದೊಡ್ಡಪ್ಪ.

ಜೀವಮಾನವೆಲ್ಲ ನನ್ನ ಸುಳ್ಳು ನಂಬಲಿ ಅಂತ ತಿಣುಕಿದೋನು ನಾನು. ನಿಜ ನಂಬಿಸೋದು ಹೆಂಗೆ ಅಂತ ಕಲ್ತೇ ಇರಲಿಲ್ಲ.

ಮುಂಗಾರು ಶುರುವಾಗೋ ಹೊತ್ತಿಗೆ ದೊಡ್ಡಪ್ಪ ಕಾಯಿಮನೆ ಬಾಗಿಲಿಗೆ ಹೋದ್ರು. ನಾನೂ ಹಿಂದೆ ಹೋದೆ. "ಮನೆ ರಿಪೇರಿ ಮಾಡಿಸ್ಬೇಕು. ನೀವು ಬೇರೆ ಕಡೆ ನೋಡ್ಕೊಳ್ಳಿ," ಅಂದ್ರು.

ಅವನು ಸುಲೀತಿದ್ದ ಕಾಯಿ ಕೆಳಗಿಟ್ಟ. "ಅಟ್ಟದ ಮೇಲೆ ಕಾಯಿ ಇಟ್ಕೊಂಡು ರಿಪೇರಿನಾ ಯಜಮಾನ್ರೇ? ಕಾಯಿ ಏರಿಸಿ ಇನ್ನ ಮೂರು ತಿಂಗಳೂ ಆಗಿಲ್ಲ."

"ಅದು ನಂಗೆ ಬಿಟ್ಟಿದ್ದು."

"ಏನಾದ್ರೂ ತಪ್ಪಾಯ್ತಾ?"

"ತಪ್ಪು ಅಂತ ನಾನೆಲ್ಲಿ ಅಂದೆ? ತಪ್ಪು ಅಂತ ನಿಂಗೆ ಯಾಕೆ ಅನ್ನಿಸ್ತು?"

ಅವನು ನನ್ನ ಕಡೆ ನೋಡ್ದ. ನಾನು ಹೀರೆ ಬಳ್ಳಿ ನೋಡ್ದೆ.

ಸಂಜೆ ಕೆರೆ ಏರಿ ಮೇಲೆ ಅವನು ನನ್ನ ಹಿಡ್ದ. ಊರಲ್ಲಿ ಅಷ್ಟೊತ್ತಿಗೆ ಮಾತು ಹಬ್ಬಿತ್ತು. "ನಿಜ ಹೇಳು. ಆ ಹಾಳೇಲಿ ಮನೆ ನಂದು ಅಂತ ಬರ್ದವ್ರಾ?"

ನಾನು ಮೊದಲಿಂದ ಕೊನೆ ತನಕ ಎಲ್ಲ ಹೇಳ್ದೆ. ಬೈತಾನೆ, ಒಂದು ಏಟು ಕೊಡ್ತಾನೆ ಅಂದ್ಕೊಂಡೆ. ಕೊಟ್ಟಿದ್ರೆ ಚೆನ್ನಾಗಿತ್ತು. ಅವನು ಸುಮ್ನೆ ಕೇಳ್ಕೊಂಡು, "ತಮಾಷೆ ಅಂತ ಹೇಳೋಕೆ ನಿಮ್ಮ ದೊಡ್ಡಪ್ಪ ಕಳಿಸಿದ್ರಾ?" ಅಂದ.

"ಏನ್ಲಾ ಹಿಂಗಂತೀಯ?"

"ಕೂಲಿಯೋರಿಗೆ ಮನೆ ಕೊಡೋ ಕಾನೂನು ಐತಂತೆ. ನಾನು ಎಲ್ಲಿ ಅರ್ಜಿ ಹಾಕ್ತೀನೋ ಅಂತ ಮೊದ್ಲೇ ತಮಾಷೆ ಅಂತ ಹೇಳಿಸ್ತಾ ಇದಾರಾ ಅಂತ ಕೇಳ್ದೆ, ಚಿಕ್ಕೆಜಮಾನ್ರೇ."

ಏರಿ ಮೇಲೆ ನಾವಿಬ್ಬರೇ ಇದ್ವಿ. ಹಂಗಿದ್ರೂ ಅವನು ಚಿಕ್ಕೆಜಮಾನ್ರೇ ಅಂದ.

ಅವನು ಅರ್ಜಿ ಹಾಕಲಿಲ್ಲ. ಹಾಕಿದ್ರೆ ಸುಲಿಯೋ ಕೆಲಸಕ್ಕೆ ಊರಲ್ಲಿ ಯಾರೂ ಕರೆಯಲ್ಲ ಅಂತ ಅವನಿಗೆ ಗೊತ್ತಿತ್ತು. ಮೂರನೇ ದಿನ ಪಾತ್ರೆ, ಚಾಪೆ, ಹೇಟೆ, ಮಕ್ಕಳನ್ನ ಕರ್ಕೊಂಡು ಹೊರಟ್ರು. ಶಾಲೆ ಹಿಂದೆ ಬಿದ್ದುಹೋಗಿದ್ದ ಒಂದು ಕೊಠಡಿ ಇತ್ತು, ಅದರ ಉಳಿದ ಗೋಡೆಗೆ ಸೋಗೆ ಒರಗಿಸ್ಕೊಂಡು ಇದ್ರು. ಹೊರಡೋಕೆ ಮುಂಚೆ ಅವನ ಹೆಂಡ್ತಿ ಒಲೆಗೆ ಎರಡು ಮಟ್ಟೆ ಇಟ್ಟು, ಕೆಂಡಕ್ಕೆ ಬೂದಿ ಮುಚ್ಚಿ, ನನ್ನ ಕಡೆ ನೋಡದೇನೆ, "ಮಧ್ಯಾಹ್ನದ ತನಕ ಇರ್ತದೆ. ಆಮೇಲೆ ನೀವುಂಟು," ಅಂದ್ಲು.

ದೊಡ್ಡಪ್ಪ ಬೇರೆ ಯಾರನ್ನೂ ಅಲ್ಲಿ ಇರಿಸೋಕೆ ಒಪ್ಪಲಿಲ್ಲ. ಇರಿಸಿದ್ರೆ ಅವರೂ ಬರೆಸ್ಕೋತಾರೆ ಅಂತ. ಒಲೆ ಕೆಲಸ ನನ್ನ ತಲೆಗೆ ಬಿತ್ತು. "ಕೆಲಸ ನಿನ್ನ ಹುಡುಕ್ತಾ ಇತ್ತಲ್ಲ, ಸಿಕ್ತು," ಅಂದ್ರು.

ಒಲೆ ಉರಿಸೋದು ಏನು ಮಹಾ ಅಂದ್ಕೊಂಡಿದ್ದೆ. ಮೊದಲನೇ ದಿನ ಹಸಿ ಮಟ್ಟೆ ಇಟ್ಟು ಹೊಗೆಗೆ ನಾನೇ ಆಚೆ ಓಡಿ ಬಂದೆ. ಎರಡನೇ ದಿನ ತೆಂಗಿನ ಗರಿಯ ಒಣ ಎಡೆಮಟ್ಟೆ ತುರುಕಿದೆ, ಜ್ವಾಲೆ ಎದ್ದು ದಬ್ಬೆ ಮುಟ್ಟೋ ಹಂಗಾಯ್ತು. ಬಿಂದಿಗೆ ನೀರು ಸುರಿದೆ, ಒಲೆ ಬಿರುಕು ಬಿಡ್ತು. ನಾಲ್ಕನೇ ದಿನ ಪಕ್ಕದ ಜಗಲೀಲಿ ಇಸ್ಪೀಟಾಡ್ತಾ ಮರೆತೆ. ಹೊರಗೆ ಜಡಿಮಳೆ, ಒಳಗೆ ತಣ್ಣನೆ ಬೂದಿ. ಹಿಂಗೇ ಆಷಾಢ ಕಳೀತು. ಮನೆ ತುಂಬ ಒಂಥರಾ ಹುಳಿ ವಾಸನೆ ಶುರುವಾಯ್ತು. ದೊಡ್ಡಮ್ಮ ಒಂದು ದಿನ ಬಂದು ಮೂಗು ಮುಚ್ಕೊಂಡ್ಲು. "ಮೇಲೆ ಕೊಳೀತಾ ಐತೆ ಕಣೋ. ಇದು ಕೊಬ್ಬರಿ ಆಗೋ ವಾಸನೆ ಅಲ್ಲ." ದೊಡ್ಡಪ್ಪ ಏಣಿ ಹತ್ತಿ ಒಂದು ಕಾಯಿ ತಂದು ಒಡೆದ್ರು. ಒಳಗೆ ಬೂಷ್ಟು. ಇನ್ನೊಂದು ಒಡೆದ್ರು. ಆಮೇಲೆ ಒಡೀಲಿಲ್ಲ. ನನ್ನನ್ನ ದಿಟ್ಟಿಸಿ ನೋಡಿ, "ಬೇಕು ಅಂತ್ಲೇ ಮಾಡ್ತಾ ಇದೀಯ?" ಅಂದ್ರು. ಅನುಮಾನ ಈಗ ಮನೆಯೊಳಗೇ ಬಂದು ಕೂತಿತ್ತು.

ಶ್ರಾವಣದಲ್ಲಿ ಸಾಹೇಬ್ರು ಮತ್ತೆ ಬಂದ್ರು. ಈ ಸಲ ದೊಡ್ಡಪ್ಪ ಬಸ್ಸಿನ ಹತ್ರಾನೇ ಹೋಗಿ ನಿಂತಿದ್ರು. ನೇರ ಕಾಯಿಮನೆಗೇ ಕರ್ಕೊಂಡು ಬಂದ್ರು. ವಿಷಯ ಗೊತ್ತಾಗಿ ಸುಲಿಯೋನೂ ಬಂದು ದೂರ ಹುಣಸೆ ಮರದ ಕೆಳಗೆ ನಿಂತ್ಕೊಂಡ.

"ಹೋದ ಸಲ ಬರೆದಿದ್ದು ತೋರ್ಸಿ," ಅಂದ್ರು ದೊಡ್ಡಪ್ಪ.

"ಅದು ತೋರಿಸೋ ಹಂಗಿಲ್ಲ ಯಜಮಾನ್ರೇ."

"ನೋಡ್ದಾ," ಅಂತ ದೊಡ್ಡಪ್ಪ ನನ್ನ ಕಡೆ ತಿರುಗಿದ್ರು.

ಸಾಹೇಬ್ರಿಗೂ ಏನೋ ಅನುಮಾನ ಬಂತು. ಚೀಲ ಎದೆಗೆ ಅವಚ್ಕೊಂಡು ಒಂದು ಹೆಜ್ಜೆ ಹಿಂದೆ ಸರಿದ್ರು. "ಈ ಮನೆಯೋರು ಎಲ್ಲಿ? ಬೆಂಕಿ ಯಾಕಿಲ್ಲ? ಹೋದ ಸಲ ನಾಲ್ಕು ಜನ ಇದ್ರಲ್ಲ."

ನಾನು ಬಾಯಿಬಿಟ್ಟೆ. ಸಾಹೇಬ್ರು, ದೊಡ್ಡಪ್ಪ, ಮರದ ಕೆಳಗಿದ್ದೋನು, ಮೂರು ಜನಕ್ಕೂ ಕೇಳೋ ಹಂಗೆ ಹೇಳ್ದೆ. ದಂಡಪಿಂಡ ಅಂದದ್ದಕ್ಕೆ ಸಿಟ್ಟು ಬಂದು ಖಾತೆ ಕತೆ ಕಟ್ಟಿದ್ದು, ಅದಕ್ಕೇ ಇವರು ಹೊರಗೆ ಹೋಗಿದ್ದು, ಎಲ್ಲ. ಸಾಹೇಬ್ರು ಕನ್ನಡಕ ತೆಗೆದು ಒರೆಸ್ಕೊಂಡ್ರು. ಅವರ ಚಿಂತೆ ಬೇರೇನೇ ಇತ್ತು.

"ಹಾಗಾದ್ರೆ ಊರು ತೋರಿಸ್ತಾ ನೀವು ಹೇಳಿದ್ದೆಲ್ಲ? ಒಂಬತ್ತು ಮನೇದೂ ಸುಳ್ಳಾ?"

"ಅಜ್ಜಿ ಮನೇದು ನಿಜ ಸಾರ್."

ಅವರು ಕಲ್ಲಿನ ಮೇಲೆ ಕೂತು, ತೋರಿಸಬಾರದು ಆದ್ರೂ ನೋಡಿಬಿಡಿ ಅಂತ ಹೋದ ಸಲದ ಹಾಳೆ ತೆಗೆದು, ದೊಡ್ಡಪ್ಪನ ಮೂಗಿನ ಮುಂದೆ ಹಿಡಿದ್ರು. ಅದರಲ್ಲಿ ಹೆಸರಿನ ಜಾಗದಲ್ಲಿ ಒಂದು ನಂಬರು. ಮನೆ ಜಾಗದಲ್ಲಿ ಇನ್ನೊಂದು. "ಒಂದು ಅಂದ್ರೆ ಸ್ವಂತ. ಎರಡು ಅಂದ್ರೆ ಬಾಡಿಗೆ. ನಾನು ಬರೆದಿರೋದು ಮೂರು. ಕೆಲಸಕ್ಕೆ ಬದಲಾಗಿ ಇರೋಕೆ ಕೊಟ್ಟ ಜಾಗ. ಬೆಂಗಳೂರಿಗೆ ಹೋಗೋದು ಈ ನಂಬರು ಮಾತ್ರ. ಖಾತೆಗೂ ಇದಕ್ಕೂ ಸಂಬಂಧವೇ ಇಲ್ಲ."

ದೊಡ್ಡಪ್ಪ ಕಾಗದ ತಿರುಗಿಸಿ ಹಿಂದೆ ನೋಡಿದ್ರು. ಬೆಳಕಿಗೆ ಹಿಡಿದು ನೋಡಿದ್ರು. "ಪೆನ್ಸಿಲ್ಲಲ್ಲಿ ಬರ್ದಿದೀರಿ."

"ಹೌದು."

"ಮೂರನ್ನ ಒಂದು ಮಾಡೋದು ಎಷ್ಟೊತ್ತಿನ ಕೆಲಸ?"

ಸಾಹೇಬ್ರಿಗೆ ಅಷ್ಟು ಹೊತ್ತಿಗೆ ತಾಳ್ಮೆ ಹೋಗಿತ್ತು. "ಯಜಮಾನ್ರೇ, ನಾನು ಈಗ ಇದನ್ನ ಖಾಲಿ ಮನೆ ಅಂತ ಬರೀಬೇಕು. ನಾಲ್ಕು ಜನ ಇಲ್ಲಿಂದ ಹೋದ್ರು ಅಂತಾನೂ ಬರೀಬೇಕು. ಯಾಕೆ ಅಂತ ಒಂದು ಕಾಲಂ ಐತೆ. ಏನು ಬರೀಲಿ, ನೀವೇ ಹೇಳಿ."

ದೊಡ್ಡಪ್ಪ ಕಾಯಿಮನೆ ಬಾಗಿಲ ಕಡೆ ತಿರುಗಿದ್ರು. ಮೂಗು ಅರಳಿಸಿ ಒಂದು ಸಲ ಒಳಗಿನ ವಾಸನೆ ಎಳ್ಕೊಂಡ್ರು. ಆಮೇಲೆ, "ಹೋಗಿ ಕರ್ಕೊಂಡು ಬಾ," ಅಂದ್ರು ನನಗೆ. ಆದ್ರೆ ಹುಣಸೆ ಮರದ ಕೆಳಗೆ ಆಗಲೇ ಯಾರೂ ಇರಲಿಲ್ಲ.

ಶಾಲೆ ಹಿಂದೆ ಹೋದೆ. ಸೋಗೆ ಮಳೆಗೆ ನೆನೆದು ಕರ್ರಗಾಗಿತ್ತು. ಚಿಕ್ಕ ಮಗಳಿಗೆ ಕೆಮ್ಮು. ಮಾತಾಡಿದ್ದು ಅವನಲ್ಲ, ಅವನ ಹೆಂಡ್ತಿ.

"ಬರ್ತೀವಿ. ಆದ್ರೆ ನಿಮ್ಮ ಮಾತಿಗೆ ಬರಲ್ಲ. ಯಜಮಾನ್ರೇ ಬಂದು ಹೇಳ್ಬೇಕು."

"ಏನು ಹೇಳ್ಬೇಕು?"

"ಕಾಯಿ ಅಟ್ಟಕ್ಕೆ ಏರಿದ್ಮೇಲೆ ಅದು ಇಳಿಯೋ ತನಕ ನಮ್ಮನ್ನೂ ಇಳಿಸಬಾರದು. ಇನ್ನೊಂದು, ಒಲೆಗೆ ತಿಂಗಳಿಗಿಷ್ಟು ಅಂತ ಕೊಡ್ಬೇಕು."

ನಾನು ಅಭ್ಯಾಸಬಲದಿಂದ ನಗೋಕೆ ಹೋದೆ. ಆಕೆ ನಗಲಿಲ್ಲ. "ಆವಯ್ಯ ಕೂಲಿ ಎಷ್ಟು ಅಂತ ಕೇಳ್ದಾಗ ನಾನೂ ನಕ್ಕೆ. ಇಲ್ಲಿ ಬಂದು ಮಳೇಲಿ ಕೂತ ಮೇಲೆ ಅದನ್ನೇ ಯೋಚನೆ ಮಾಡ್ತಾ ಇದೀನಿ. ನೀವು ಎರಡು ತಿಂಗಳು ಉರ್ಸಿದ್ರಲ್ಲ. ಸುಮ್ನೆ ಕೆಲಸವಾ ಅದು? ಹೇಳಿ."

ಕೈಗೆ ಎರಡು ಕಡೆ ಬೊಬ್ಬೆ ಬಂದಿತ್ತು, ಅದನ್ನ ಬೆನ್ನ ಹಿಂದೆ ಇಟ್ಕೊಂಡೆ.

ದೊಡ್ಡಪ್ಪ ಈ ಷರತ್ತು ಕೇಳಿ ಮೊದಲು ನನ್ನನ್ನೇ ಹಿಡ್ಕೊಂಡ್ರು. "ಇದು ಅವಳ ಬಾಯಿಂದ ಬಂದಿದ್ದಲ್ಲ. ನೀನು ಹೇಳ್ಕೊಟ್ಟಿದ್ದು." ಎರಡು ದಿನ ಹಂಗೇ ಅಂತಿದ್ರು. ಮೂರನೇ ದಿನ ಮತ್ತೆ ಅಟ್ಟ ಹತ್ತಿ ಇಳಿದ್ರು. ಇಳಿದೋರು ಕೈ ತೊಳೀಲಿಲ್ಲ, ಪಂಚೆ ಮೇಲಕ್ಕೆ ಕಟ್ಕೊಂಡು ಕೆಸರು ತುಳೀತಾ ಶಾಲೆ ಹಿಂದಕ್ಕೆ ಹೋದ್ರು. ನಾನು ದೂರ ನಿಂತು ನೋಡ್ದೆ. ಏನು ಮಾತಾಡಿದ್ರು ಅಂತ ನನಗೆ ಕೇಳಿಸಲಿಲ್ಲ. ಅವನ ಹೆಂಡ್ತಿ ಒಂದು ಸಲ ಬೆರಳು ಮಡಚಿ ಏನೋ ಹೇಳಿದ್ಲು, ದೊಡ್ಡಪ್ಪ ತಲೆ ಅಡ್ಡಡ್ಡ ಆಡಿಸಿದ್ರು, ಆಕೆ ಸುಮ್ನೆ ನಿಂತ್ಲು, ದೊಡ್ಡಪ್ಪ ತಲೆ ಆಡಿಸೋದು ನಿಲ್ಲಿಸಿದ್ರು. ಆವತ್ತು ಮಧ್ಯಾಹ್ನ ಊರಿನ ನಡು ಬೀದೀಲಿ ಅವರ ಚಾಪೆ, ಒರಳುಕಲ್ಲು ಎಲ್ಲ ನನ್ನ ತಲೆ ಮೇಲೆ ಬಂತು. ಜಗಲಿ ಜಗಲೀಲಿ ಜನ ನಿಂತು, "ಏನ್ಲಾ, ಸೋದರಮಾವನ ಕಡೆ ಉಡುಗೊರೆಯಾ?" ಅಂತ ಕೇಳೋರು. ಮೂರು ತಾಲ್ಲೂಕಲ್ಲಿ ಯಾರಾದ್ರೂ ಅಂದದ್ದಕ್ಕೆ ನಾನು ಉತ್ತರ ಕೊಡದೆ ನಡೆದಿದ್ದು ಅದೊಂದೇ ಸಲ.

ಕೊಳೆತದ್ದನ್ನ ಆರಿಸಿ ತೆಗೆದ ಮೇಲೂ ಅಟ್ಟದಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಯಿ ಉಳೀತು. ಆಕೆ ಬಿರುಕು ಬಿಟ್ಟ ಒಲೇನ ಮಣ್ಣು ಮೆತ್ತಿ ಸರಿ ಮಾಡಿದ್ಲು. ಸಂಜೆಗೆ ದಬ್ಬೆ ಸಂದಿಂದ ಸಣ್ಣಗೆ ಹೊಗೆ ಮೇಲೇರ್ತಿತ್ತು.

ದೀಪಾವಳಿ ಆದ್ಮೇಲೆ ಸಾಹೇಬ್ರು ಮೂರನೇ ಸಲ ಬಂದ್ರು. ನನ್ನನ್ನ ಊರು ತೋರಿಸೋಕೆ ಕರೀಲಿಲ್ಲ, ನಾನೇ ಹಿಂದೆ ಹಿಂದೆ ಹೋದೆ. ದೊಡ್ಡಪ್ಪ ಕಾಯಿಮನೆ ಬಾಗಿಲ ಪಕ್ಕ ಕಲ್ಲಿನ ಮೇಲೆ ಮೊದಲೇ ಬಂದು ಕೂತಿದ್ರು. ಸಾಹೇಬ್ರು ಅವೇ ಪ್ರಶ್ನೆ ಕೇಳ್ತಾ ಬಂದ್ರು. ಮನೆ ಬಾಡಿಗೇದಾ, ಇಲ್ಲ. ಅವನಿಗೆ ಹೋದ ವಾರ ಎಷ್ಟು ದಿನ ಕೆಲಸ, ನಾಲ್ಕು. ಆಮೇಲೆ ಅವನ ಹೆಂಡ್ತಿ ಕಡೆ ತಿರುಗಿದ್ರು.

"ಒಲೆ ಕಾಯೋದಕ್ಕೆ ಕೂಲಿ?"

ಆಕೆ ದೊಡ್ಡಪ್ಪನ ಮುಖ ನೋಡ್ಲಿಲ್ಲ. ತಿಂಗಳಿಗೆ ಎಷ್ಟು ಅಂತ ಹೇಳಿದ್ಲು. ದೊಡ್ಡಪ್ಪ ಕೆಮ್ಮಿದ್ರು. ಸಾಹೇಬ್ರು ರಬ್ಬರು ತೆಗೆದು ಹಾಳೇಲಿ ಏನೋ ಉಜ್ಜಿ, ಊದಿ, ಮತ್ತೆ ಬರೆದ್ರು.

"ಏನದು ಅಳಿಸಿದ್ದು?" ಅಂತ ದೊಡ್ಡಪ್ಪ ಕಲ್ಲಿಂದ ಎದ್ದೇಬಿಟ್ರು.

"ಇವರ ನಂಬರಿನ ಮುಂದೆ ಮನೇಲಿರೋರು ಅಂತಿತ್ತು. ದುಡಿಯೋರು ಅಂತ ಮಾಡ್ದೆ."

"ಬೇರೇನೂ ಇಲ್ವಲ್ಲ?"

"ಬೇರೇನೂ ಇಲ್ಲ."

ದೊಡ್ಡಪ್ಪ ಬಗ್ಗಿ ಆ ಹಾಳೆ ನೋಡ್ತಾನೇ ಇದ್ರು. ಆಕೆ ಮಾತ್ರ ಕಾಯಲಿಲ್ಲ. ಮಟ್ಟೆ ಇಡೋ ಹೊತ್ತಾಯ್ತು ಅಂತ ಒಳಗೆ ಹೋದ್ಲು.